ಬೀದಿಯಲ್ಲೊಂದು ಪುಟ್ಟ ಶರಬತ್ತಿನ ಅಂಗಡಿ: ಪ್ರಚಾರ ಹೇಗೆ ಮಾಡಲಿ, ಹೇಗೆ ಬೆಳೆಸಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮನೆ ಹತ್ತಿರ ಒಂದು ಮೇಜು, ಒಂದು ದೊಡ್ಡ ಕೊಡೆ ಹಾಕಿ ನಿಂಬೆ ಶರಬತ್ತು ಮಾರಬೇಕು. ಪ್ರಚಾರಕ್ಕೆಂದು ಸ್ವಲ್ಪ ದುಡ್ಡು ಎತ್ತಿಟ್ಟಿದ್ದೀರಿ. ಅದನ್ನು ಕರಪತ್ರಕ್ಕೆ ಹಾಕಲೋ, ಇನ್‌ಸ್ಟಾಗ್ರಾಂ ಜಾಹೀರಾತಿಗೆ ಹಾಕಲೋ, ಒಂದು ವರ್ಷದಲ್ಲಿ ಎರಡನೇ ಅಂಗಡಿ ಇಡಬೇಕಾದರೆ ಈಗಿನಿಂದ ಏನು ಮಾಡಬೇಕು ಅಂತ ಕೇಳಿದ್ದೀರಿ.

ಸದ್ಯಕ್ಕೆ ಎರಡಕ್ಕೂ ಬೇಡ. ಒಂದು ಲೋಟ ಶರಬತ್ತಿಗಾಗಿ ಯಾರೂ ಐದು ಕಿಲೋಮೀಟರ್ ಬರುವುದಿಲ್ಲ. ನಿಮ್ಮ ಗಿರಾಕಿ ಈಗಾಗಲೇ ಆ ದಾರಿಯಲ್ಲಿ ಓಡಾಡುತ್ತಿದ್ದಾರೆ. ಆದ್ದರಿಂದ ಮೊದಲ ಕೆಲಸ ಜಾಹೀರಾತಲ್ಲ, ತಲೆ ಎಣಿಸುವುದು.

ಅಂಗಡಿ ಇಡಬೇಕೆಂದಿರುವ ಜಾಗದಲ್ಲೇ ಒಂದು ನೋಟ್‌ಬುಕ್ ಹಿಡಿದು ನಿಲ್ಲಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಪ್ರತಿ ಹೊತ್ತಿಗೆ 15 ನಿಮಿಷ. ಎರಡು ಕೆಲಸದ ದಿನ, ಒಂದು ರಜೆಯ ದಿನ. ಗಾಡಿಯಲ್ಲಿ ಸರ್ರನೆ ಹೋಗುವವರನ್ನು ಬಿಟ್ಟುಬಿಡಿ. ನಡೆದು ಹೋಗುವವರನ್ನು ಒಂದು ಸಾಲಿನಲ್ಲಿ, ಯಾವುದಕ್ಕೋ ಕಾಯುತ್ತಾ ನಿಂತವರನ್ನು ಇನ್ನೊಂದು ಸಾಲಿನಲ್ಲಿ ಬರೆದುಕೊಳ್ಳಿ. ಕಾಯುತ್ತಾ ನಿಂತವರಿಗೆ ಪುರುಸೊತ್ತಿರುತ್ತದೆ, ಅದಕ್ಕೇ ಅವರ ಲೆಕ್ಕ ಬೇರೆ. ಜನ ಯಾವ ದಿಕ್ಕಿಗೆ ಹೋಗುತ್ತಿದ್ದಾರೆ ಅನ್ನುವುದನ್ನೂ ಗಮನಿಸಿ: ಕೆಲಸಕ್ಕೆ ಓಡುವವರು ನಿಲ್ಲುವುದು ಕಡಿಮೆ, ಮನೆಗೆ ವಾಪಸ್ ಹೋಗುವವರು ನಿಲ್ಲುತ್ತಾರೆ. ನೆರಳು ಎಷ್ಟು ಗಂಟೆಗೆ ಯಾವ ಬದಿಗೆ ಬರುತ್ತದೆ ಅಂತಲೂ ಬರೆದಿಡಿ. ಎಷ್ಟೇ ಬಾಯಾರಿದ್ದರೂ ಬಿಸಿಲಲ್ಲಿ ನಿಂತು ಲೋಟ ಖಾಲಿ ಮಾಡುವವರು ಕಡಿಮೆ.

ಈಗ ಲೆಕ್ಕ. ಒಂದು ಲೋಟದ ಬೆಲೆ ನಿಮ್ಮ ಕಡೆ ಎಷ್ಟೇ ಇರಲಿ, ಅದನ್ನು 100 ಪಾಲು ಅಂದುಕೊಳ್ಳಿ. ಹಣ್ಣು, ಸಕ್ಕರೆ, ಐಸ್, ಕಪ್, ಚೆಲ್ಲಿ ಹೋಗುವುದು, ರಾತ್ರಿ ಉಳಿದು ಸುರಿಯುವುದು ಎಲ್ಲ ಸೇರಿ ಅಸಲು 35 ಪಾಲಿನೊಳಗೆ ಇರಬೇಕು. ಆಗ ಲೋಟಕ್ಕೆ 65 ಉಳಿಯುತ್ತದೆ. ಜಾಗದ ಬಾಡಿಗೆ, ಸಾಗಾಟ, ನಿಮ್ಮ ಕೂಲಿ ಇತ್ಯಾದಿ ದಿನದ ಖರ್ಚು 30 ಲೋಟದ ಬೆಲೆಯಷ್ಟಿದ್ದರೆ, ಅಂದರೆ 3000 ಪಾಲು ಇದ್ದರೆ, ಅದನ್ನು 65ರಿಂದ ಭಾಗಿಸಿ: 46ಕ್ಕಿಂತ ಚೂರು ಹೆಚ್ಚು, ಅಂದರೆ 47 ಲೋಟ. ದಿನಕ್ಕೆ ಅಷ್ಟು ಹೋದರೆ ಮಾತ್ರ ಕೈಯಿಂದ ಹಾಕುವುದು ತಪ್ಪುತ್ತದೆ. ಹೊಸಬರು ಸಾಮಾನ್ಯವಾಗಿ ತಮ್ಮ ಕೂಲಿಯನ್ನು ಇದರಲ್ಲಿ ಸೇರಿಸುವುದಿಲ್ಲ. ಆಮೇಲೆ ಒಬ್ಬ ಆಳು ಇಡಬೇಕಾಗಿ ಬಂದ ದಿನವೇ ಅಂಗಡಿ ನಷ್ಟಕ್ಕೆ ಬೀಳುತ್ತದೆ.

ಎಣಿಕೆಯಲ್ಲಿ 15 ನಿಮಿಷಕ್ಕೆ 60 ಜನ ಸಿಕ್ಕರು ಅನ್ನಿ. ಗಂಟೆಗೆ 240, ಐದು ಗಂಟೆಗೆ 1200. ಆರಂಭದ ಅಂದಾಜಿಗೆ ನೂರಕ್ಕೆ ಇಬ್ಬರು ಕೊಳ್ಳುತ್ತಾರೆ ಅಂತ ಇಟ್ಟುಕೊಂಡರೆ 24 ಲೋಟ. ಬೇಕಾದದ್ದು 47. ಹಾಗಾಗಿ ನಿಮ್ಮ ಪ್ರಚಾರದ ಯೋಜನೆ ಅಂದರೆ ನೂರಕ್ಕೆ ಎರಡು ಇದ್ದದ್ದನ್ನು ನಾಲ್ಕು ಮಾಡುವುದು. ಮಾಡುವ ಪ್ರತಿ ಖರ್ಚನ್ನೂ ಈ ಅಳತೆಗೆ ಹಚ್ಚಿ ನೋಡಿ. ಎಣಿಕೆ 15 ನಿಮಿಷಕ್ಕೆ 20 ಜನ ಅಂತ ಬಂದರೆ ಯಾವ ಪ್ರಚಾರವೂ ಉಳಿಸುವುದಿಲ್ಲ, ಜಾಗ ಬದಲಿಸಿ. ಜಾಗ ಗಟ್ಟಿಯಾದ ಮೇಲೆ, ಬೋರ್ಡು ಬರೆಸುವ ಮುಂಚೆಯೇ, ಸ್ಥಳೀಯ ಆಡಳಿತದಲ್ಲಿ ಆಹಾರ ಮಾರಾಟದ ಪರವಾನಗಿ ವಿಚಾರಿಸಿಕೊಳ್ಳಿ.

ಎರಡನ್ನು ನಾಲ್ಕು ಮಾಡುವುದರಲ್ಲಿ ಬೋರ್ಡಿನ ಪಾಲು ದೊಡ್ಡದು, ಜನ ಎಡವುವುದೂ ಅಲ್ಲೇ. ಮೇಜಿನ ಮುಂಭಾಗಕ್ಕೆ ಒಂದು ಬ್ಯಾನರ್ ಕಟ್ಟುತ್ತಾರೆ. ಅದು ರಸ್ತೆಗೆ ಸಮಾನಾಂತರವಾಗಿರುತ್ತದೆ, ನೇರ ಎದುರಿಗೆ ಬಂದವರಿಗೆ ಮಾತ್ರ ಕಾಣುತ್ತದೆ, ಅಷ್ಟರಲ್ಲಿ ಅವರು ಎರಡು ಹೆಜ್ಜೆ ಮುಂದೆ ಹೋಗಿರುತ್ತಾರೆ. ಬೋರ್ಡು ನಡೆದು ಬರುವವರ ಮುಖಕ್ಕೆ ಅಡ್ಡಲಾಗಿ ಇರಬೇಕು, ಎರಡೂ ಬದಿ ಬರೆದಿರಬೇಕು. ನಡೆಯುವವರು ಸೆಕೆಂಡಿಗೆ ಸುಮಾರು 1.3 ಮೀಟರ್ ಸಾಗುತ್ತಾರೆ. 15 ಮೀಟರ್ ದೂರದಿಂದಲೇ ಓದಲು ಬಂದರೆ ಮನಸ್ಸು ಮಾಡುವುದಕ್ಕೆ ಹನ್ನೊಂದು ಸೆಕೆಂಡು ಸಿಗುತ್ತದೆ. ಬೋರ್ಡು ಬರೆಯುವವರ ಒಂದು ರೂಢಿಯ ಲೆಕ್ಕವಿದೆ: ಪ್ರತಿ 3 ಮೀಟರ್ ದೂರಕ್ಕೆ ಅಕ್ಷರ 2.5 ಸೆಂಟಿಮೀಟರ್ ಎತ್ತರ. 15 ಮೀಟರಿಗೆ 12–13 ಸೆಂಟಿಮೀಟರ್ ಬೇಕು. ಆ ಗಾತ್ರದಲ್ಲಿ ನಾಲ್ಕೈದು ಪದಕ್ಕಿಂತ ಹೆಚ್ಚು ಹಿಡಿಸುವುದೇ ಇಲ್ಲ, ಅದು ಒಳ್ಳೆಯದೇ. ‘ತಣ್ಣನೆ ನಿಂಬೆ ಶರಬತ್ತು’, ಕೆಳಗೆ ಬೆಲೆ. ಮುಗಿಯಿತು. ಕನ್ನಡದಲ್ಲಿ ಬರೆಸುವಾಗ ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಬಿಡಿಸಿ. ‘ಣ್ಣ’, ‘ತ್ತು’ ಮುದುಡಿಕೊಂಡರೆ ದೂರದಿಂದ ಬರೀ ಮಸಿಯ ಉಂಡೆಯಂತೆ ಕಾಣುತ್ತವೆ. ಬೆಲೆ ಬರೆಯಲು ಹಿಂಜರಿಯಬೇಡಿ. ಬೆಲೆ ಕಾಣದಿದ್ದರೆ ಕೇಳಲು ಸಂಕೋಚಪಟ್ಟು ಹಾಗೇ ದಾಟಿ ಹೋಗುವವರು ಬಹಳ. ಚಿಲ್ಲರೆ ಹುಡುಕುವ ಗೋಜಿಲ್ಲದ ಬೆಲೆ ಇಡಿ.

ಮೇಜಿನ ಮುಂದುಗಡೆ ಹಣ್ಣಿನ ರಾಶಿ ಇರಲಿ, ಹಿಂಡುವುದು ಕಣ್ಣೆದುರಿಗೇ ನಡೆಯಲಿ. ಆ ವಾಸನೆ ಮಾಡುವ ಕೆಲಸವನ್ನು ಕರಪತ್ರ ಮಾಡುವುದಿಲ್ಲ.

ಎರಡನೇ ಸಲ ಬರುವಂತೆ ಮಾಡುವುದು ರುಚಿ, ಅದಕ್ಕಿಂತ ಹೆಚ್ಚಾಗಿ ನಿನ್ನೆಯ ರುಚಿಯೇ ಇವತ್ತೂ ಇರುವುದು. ಇಲ್ಲಿ ‘ಹತ್ತು ಹಣ್ಣು, ಒಂದು ಹಿಡಿ ಸಕ್ಕರೆ’ ಅನ್ನುವ ಲೆಕ್ಕ ಕೈಕೊಡುತ್ತದೆ. ಒಂದು ಹಣ್ಣು 20 ಮಿಲಿ ರಸ ಕೊಟ್ಟರೆ ಪಕ್ಕದ್ದು 45 ಕೊಡಬಹುದು. ಅಳೆಯುವುದು ರಸವನ್ನು. 1 ಕಿಲೋ ಸಕ್ಕರೆಯನ್ನು 1 ಲೀಟರ್ ಬಿಸಿನೀರಿನಲ್ಲಿ ಕರಗಿಸಿದರೆ ಸುಮಾರು 1.6 ಲೀಟರ್ ಪಾಕ ಬರುತ್ತದೆ. 10 ಲೀಟರ್ ಶರಬತ್ತಿಗೆ ರಸ 1.25 ಲೀಟರ್, ಪಾಕ 1.75 ಲೀಟರ್, ನೀರು 7 ಲೀಟರ್, ಉಪ್ಪು ಒಂದು ಚಿಟಿಕೆಯಿಂದ 10 ಗ್ರಾಂವರೆಗೆ ನಿಮ್ಮ ನಾಲಿಗೆಗೆ ತಕ್ಕಷ್ಟು. ಇಲ್ಲಿಂದ ಶುರುಮಾಡಿ, ಹುಳಿ ನೋಡಿ ತಿದ್ದಿಕೊಳ್ಳಿ, ಒಮ್ಮೆ ತಿದ್ದಿದ ಮೇಲೆ ಬರೆದು ಮೇಜಿನ ಒಳಬದಿಗೆ ಅಂಟಿಸಿ. ತಣ್ಣೀರಿಗೆ ನೇರವಾಗಿ ಸಕ್ಕರೆ ಹಾಕಬೇಡಿ: ಪೂರ್ತಿ ಕರಗದೆ ತಳದಲ್ಲಿ ಕೂರುತ್ತದೆ, ಮೊದಲ ಲೋಟ ಸಪ್ಪೆ, ಕೊನೆಯದು ಬರೀ ಸಿಹಿ. ಸಿಪ್ಪೆ, ಬೀಜ ಒಡೆಯುವಷ್ಟು ಜೋರಾಗಿ ಹಿಂಡಿದರೂ, ಹಿಂಡಿದ ರಸ ರಾತ್ರಿಯಿಡೀ ಇದ್ದರೂ ಕಹಿ ಹತ್ತುತ್ತದೆ. ಅವತ್ತಿನ ರಸ ಅವತ್ತಿಗೆ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆ ಹುಳಿಗೆ ಆಗುವುದಿಲ್ಲ, ಸ್ಟೀಲ್ ಅಥವಾ ಗಾಜು ಇರಲಿ.

ಐಸ್ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ‘ಮಧ್ಯಾಹ್ನ ಚೆನ್ನಾಗಿರಲಿಲ್ಲ’ ಅನ್ನುವ ದೂರಿಗೆ ಹೆಚ್ಚಾಗಿ ಇದೇ ಕಾರಣ. 250 ಮಿಲಿ ಲೋಟಕ್ಕೆ 160 ಮಿಲಿ ಶರಬತ್ತು, 80–90 ಗ್ರಾಂ ಐಸ್ ಅನ್ನಿ. ಶರಬತ್ತು 30 ಡಿಗ್ರಿಯಲ್ಲಿದ್ದರೆ ಅದು 5 ಡಿಗ್ರಿಗೆ ಇಳಿಯುವಷ್ಟರಲ್ಲಿ ಸುಮಾರು 47 ಗ್ರಾಂ ಐಸ್ ಕರಗಿ ನೀರಾಗಿರುತ್ತದೆ. ಅಂದರೆ ಶರಬತ್ತಿಗೆ ನೂರಕ್ಕೆ ಮೂವತ್ತರಷ್ಟು ನೀರು ಬೆರೆಸಿದ ಹಾಗೆ. ಅದೇ ಶರಬತ್ತನ್ನು ಮೊದಲೇ 8 ಡಿಗ್ರಿಗೆ ತಣಿಸಿ ತಂದಿದ್ದರೆ ಕರಗುವುದು ಐದಾರು ಗ್ರಾಂ ಮಾತ್ರ. ಗಿರಾಕಿಗೆ ಸಿಗುವ ರುಚಿ ಬೇರೆ, ನಿಮ್ಮ ಐಸ್ ಖರ್ಚೂ ಬೇರೆ. ಹಿಂದಿನ ರಾತ್ರಿಯೇ ನೀರು, ಪಾಕ ಎರಡನ್ನೂ ಫ್ರಿಜ್ಜಿನಲ್ಲಿಡಿ. ಅಂಗಡಿಯಲ್ಲಿ ಎರಡು ಐಸ್ ಪೆಟ್ಟಿಗೆ ಬೇಕು: ಶರಬತ್ತಿನ ಕ್ಯಾನು ತಣ್ಣಗಿಡಲು ಒಂದು, ಲೋಟಕ್ಕೆ ಹಾಕಲು ಒಂದು. ಕುಡಿಯುವ ನೀರಿನಿಂದ ಮಾಡಿದ ಐಸನ್ನೇ ಕೊಳ್ಳಿ. ಐಸ್ ತೆಗೆಯಲು ಹಿಡಿ ಇರುವ ಸೌಟು ಇರಲಿ, ಗಾಜಿನ ಲೋಟವನ್ನೇ ಮುಳುಗಿಸಿ ತೆಗೆಯುವ ಚಾಳಿ ಬೇಡ. ಅಂಚಿನಿಂದ ಒಂದು ಚೂರು ಹಾರಿದರೆ ಪೆಟ್ಟಿಗೆ ಪೂರ್ತಿ ಸುರಿಯಬೇಕು. ದುಡ್ಡು ಮುಟ್ಟಿದ ಕೈ ಐಸ್ ಮುಟ್ಟಬಾರದು. ಇದನ್ನೂ ಪ್ರಚಾರದ ಖಾತೆಗೇ ಹಾಕಿಕೊಳ್ಳಿ, ಜನ ನಿಮ್ಮ ಕೈಯನ್ನೇ ನೋಡುತ್ತಿರುತ್ತಾರೆ.

ವೇಗವೂ ಮಾರ್ಕೆಟಿಂಗೇ. ಈ ವ್ಯಾಪಾರ ದಿನವಿಡೀ ಸಮನಾಗಿ ಹರಿಯುವುದಿಲ್ಲ, ಶಾಲೆಯೋ ಕಚೇರಿಯೋ ಬಿಟ್ಟ ಇಪ್ಪತ್ತು ನಿಮಿಷದಲ್ಲಿ ನುಗ್ಗುತ್ತದೆ. ಒಂದು ಲೋಟಕ್ಕೆ 40 ಸೆಕೆಂಡು ಹಿಡಿದರೆ ಆ ಹೊತ್ತಿನಲ್ಲಿ ಕೊಡಲಾಗುವುದು 30 ಲೋಟ, 25 ಸೆಕೆಂಡು ಹಿಡಿದರೆ 48. ವ್ಯತ್ಯಾಸ 18 ಲೋಟ, ಒಂದು ಪೈಸೆ ಜಾಹೀರಾತಿಲ್ಲದೆ. ಬೆರೆಸಿಟ್ಟ ಶರಬತ್ತು ನಲ್ಲಿ ಇರುವ ಜಾರಿನಲ್ಲಿರಬೇಕು, ಕಪ್ಪುಗಳು ಬಲಗೈಗೆ ಸಿಗಬೇಕು, ದುಡ್ಡಿನ ಡಬ್ಬಿ ಸಾಲಿನ ಇನ್ನೊಂದು ತುದಿಯಲ್ಲಿರಬೇಕು. ಕಣ್ಣೆದುರಿಗೆ ಹಿಂಡಿದ್ದು ಮುಂದಿನ ಜಾರಿಗೆ, ನುಗ್ಗಲಿನ ಹೊತ್ತಿನಲ್ಲಿ ಲೋಟಕ್ಕೊಂದರಂತೆ ಹಿಂಡುತ್ತಾ ಕೂರಬೇಡಿ.

ಶರಬತ್ತಿನ ಬಗೆ ಮೂರಕ್ಕಿಂತ ಹೆಚ್ಚು ಬೇಡ: ಬರೀ ನಿಂಬೆ, ಶುಂಠಿ, ಪುದೀನ. ಮೂರಕ್ಕೂ ಮೂಲ ಒಂದೇ. ಶುಂಠಿಯನ್ನು ಬಿಸಿ ಪಾಕದಲ್ಲಿ ನೆನೆಸಿ ಸೋಸಿ, ಲೀಟರಿಗೆ 50 ಗ್ರಾಂ. ಪುದೀನ ಎಲೆಯನ್ನು ಕತ್ತರಿಸಿ ಜಾರಿಗೆ ಹಾಕಿದರೆ ಹುಳಿಗೆ ಕಪ್ಪಾಗುತ್ತದೆ. ಕೊಡುವಾಗ ಅಂಗೈಯಲ್ಲಿ ಒಮ್ಮೆ ತಟ್ಟಿ ಲೋಟಕ್ಕೆ ಹಾಕಿ.

ಆರಂಭದ ರಿಯಾಯಿತಿ ಬಗ್ಗೆ: 20 ಪಾಲು ಇಳಿಸಿದರೆ ಲೋಟಕ್ಕೆ ಉಳಿಯುವುದು 65 ಅಲ್ಲ, 45. ಮೊದಲು 100 ಲೋಟದಲ್ಲಿ ಉಳಿಯುತ್ತಿದ್ದುದನ್ನು ಗಳಿಸಲು 145 ಲೋಟ ಹೋಗಬೇಕು. ಮೇಲಾಗಿ ಇಳಿಸಿದ ಬೆಲೆಯನ್ನು ಏರಿಸುವ ದಿನ ಜನ ಮುಖ ತಿರುಗಿಸುತ್ತಾರೆ. ಅದರ ಬದಲು ರುಚಿ ತೋರಿಸಿ. 30 ಮಿಲಿ ಪುಟ್ಟ ಕಪ್ಪಿನಲ್ಲಿ, ಒಂದು ಲೀಟರಿಗೆ 33 ಮಂದಿಗೆ ಕೊಡಬಹುದು. ಬೋರ್ಡಿನ ಪಕ್ಕ ನಿಂತು, ನಿಧಾನವಾಗಿ ನಡೆಯುವವರಿಗೆ, ಮೊದಲ ನಾಲ್ಕೈದು ದಿನ ಮಾತ್ರ.

ಮತ್ತೆ ಮತ್ತೆ ಬರಲು ಮುದ್ರೆ ಒತ್ತುವ ಕಾರ್ಡು (ಲೋಟಕ್ಕೊಂದು ಮುದ್ರೆ, ಕಾರ್ಡು ತುಂಬಿದರೆ ಒಂದು ಲೋಟ ಪುಕ್ಕಟೆ) ಒಳ್ಳೆಯದು, ಆದರೆ ಅದನ್ನು ಜಾಣತನದಿಂದ ಮಾಡಿ. ನ್ಯೂನ್ಸ್ ಮತ್ತು ಡ್ರೇಜ್ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಕಾರು ತೊಳೆಯುವ ಜಾಗದಲ್ಲಿ ನಡೆದದ್ದು. ಕೆಲವರಿಗೆ 8 ಮುದ್ರೆಯ ಖಾಲಿ ಕಾರ್ಡು, ಉಳಿದವರಿಗೆ 10 ಮುದ್ರೆಯ ಕಾರ್ಡು, ಅದರಲ್ಲಿ 2 ಮೊದಲೇ ಒತ್ತಿದ್ದು. ತುಂಬಬೇಕಾದ್ದು ಇಬ್ಬರಿಗೂ ಎಂಟೇ. ಖಾಲಿ ಕಾರ್ಡಿನವರಲ್ಲಿ ಶೇ. 19 ಮಂದಿ ಪೂರ್ತಿ ಮಾಡಿದರೆ, ಎರಡು ಮುದ್ರೆ ಸಿಕ್ಕವರಲ್ಲಿ ಶೇ. 34 ಮಂದಿ ಮಾಡಿದರು. ನೀವೂ ಎರಡು ಒತ್ತಿಯೇ ಕೊಡಿ. ಎಂಟು ಲೋಟಕ್ಕೆ ಒಂದು ಪುಕ್ಕಟೆ ಕೊಟ್ಟರೆ ನಿಮ್ಮ ಕೈಯಿಂದ ಹೋಗುವುದು ಅಸಲಿನ 35 ಪಾಲು, 800 ಪಾಲು ಬಂದ ಮೇಲೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಮುದ್ರೆ ಬೇಡ, ಯಾರು ಬೇಕಾದರೂ ತಂದು ಒತ್ತಿಕೊಳ್ಳಬಹುದು. ವಿಚಿತ್ರ ಆಕಾರದ್ದೊಂದನ್ನು ಮಾಡಿಸಿ.

ಮೊಬೈಲ್ ಪ್ರಚಾರ ಅಂದರೆ ಎರಡೇ. ಗೂಗಲ್ ಮ್ಯಾಪಿನಲ್ಲಿ ಹೆಸರು, ಸಮಯ, ಒಂದು ಒಳ್ಳೆಯ ಫೋಟೋ. ಇಷ್ಟಪಟ್ಟು ನಂಬರ್ ಕೊಟ್ಟವರ ವಾಟ್ಸಾಪ್ ಪಟ್ಟಿ, ವಾರಕ್ಕೆ ಒಂದಕ್ಕಿಂತ ಹೆಚ್ಚು ಸಂದೇಶ ಕಳಿಸಬೇಡಿ. ಹಾಕಿದ ಸಮಯಕ್ಕೆ ಅಂಗಡಿ ತೆರೆದೇ ಇರಬೇಕು. ಎರಡು ಸಲ ಬಂದು ಬಾಗಿಲು ಹಾಕಿದ್ದು ಕಂಡವರು ಮೂರನೇ ಸಲ ಬರುವುದಿಲ್ಲ.

ಇನ್ನು ಬೆಳೆಸುವುದು. ದಿನವೂ ಐದು ಅಂಕಣ ಬರೆಯಿರಿ: ಹವಾಮಾನ, ಗಂಟೆವಾರು ಲೋಟ, ಉಳಿದು ಸುರಿದದ್ದು, ಎಷ್ಟು ಗಂಟೆಗೆ ಖಾಲಿಯಾಯಿತು, ಅವತ್ತು ಹೊಸದಾಗಿ ಏನು ಮಾಡಿದಿರಿ. ಒಂದು ವಾರಕ್ಕೆ ಒಂದೇ ಬದಲಾವಣೆ, ಮತ್ತು ಈ ಮಂಗಳವಾರವನ್ನು ಹೋದ ಮಂಗಳವಾರದ ಜೊತೆ ಹೋಲಿಸಿ, ಭಾನುವಾರದ ಜೊತೆ ಅಲ್ಲ. ಹವಾಮಾನ ಬರೆಯದಿದ್ದರೆ, ಸೆಕೆ ತಂದ ವ್ಯಾಪಾರವನ್ನು ಬೋರ್ಡು ತಂದದ್ದು ಅಂತ ಹಿಗ್ಗುತ್ತೀರಿ.

ಮೊದಲ ಮೆಟ್ಟಿಲು ದೊಡ್ಡ ಲೋಟ. ಅದಕ್ಕೆ 140 ಪಾಲು ಬೆಲೆ ಇಟ್ಟು ಅಸಲು 50 ಆದರೂ 90 ಉಳಿಯುತ್ತದೆ, ಗಿರಾಕಿ ಅದೇ, ಸಮಯವೂ ಅದೇ. ಎರಡನೆಯದು ಸಗಟು ಆರ್ಡರ್: 10 ಲೀಟರ್ ಜಾರು, 60 ಕಪ್ಪು, ಐಸ್ ಪ್ರತ್ಯೇಕ. ಅರ್ಧ ದುಡ್ಡು ಮುಂಗಡ, ಜಾರಿಗೆ ಠೇವಣಿ. ಮಳೆ, ಚಳಿಯ ದಿನಗಳಲ್ಲಿ ಅಂಗಡಿ ಮಂಕಾದಾಗ ಕೈ ಹಿಡಿಯುವುದು ಇದೇ, ಹಾಗಾಗಿ ಸೆಕೆ ಇರುವಾಗಲೇ ಜಾರಿನ ಮೇಲೆ ‘ಸಮಾರಂಭಗಳಿಗೂ ಕೊಡುತ್ತೇವೆ’ ಎಂಬ ಚೀಟಿ ಅಂಟಿಸಿ.

ಎರಡನೇ ಅಂಗಡಿ ಇಡುವುದು ಮೂರನೇ ಮೆಟ್ಟಿಲು. ಅದಕ್ಕೆ ಮುಂಚೆ ಒಂದು ಪರೀಕ್ಷೆ: ಎರಡು ವಾರ ನೀವು ಅಲ್ಲಿ ನಿಲ್ಲದೆ, ಬೇರೆಯವರ ಕೈಯಲ್ಲಿ ಈ ಅಂಗಡಿ ನಡೆಸಿ. ಬೆಳಗ್ಗೆ ಕಪ್ಪು ಎಣಿಸಿ ಕೊಡಿ, ರಾತ್ರಿ ಉಳಿದದ್ದನ್ನು ಎಣಿಸಿ. ಒಡೆದದ್ದು, ಪುಕ್ಕಟೆ ಕೊಟ್ಟದ್ದು ಬರೆದಿರಬೇಕು. ಕಡಿಮೆಯಾದ ಕಪ್ಪಿನ ಲೆಕ್ಕ ಡಬ್ಬಿಯ ದುಡ್ಡಿಗೆ ತಾಳೆಯಾಗಬೇಕು. ರುಚಿ ನೋಡಲು ನೀವೇ ಹೋಗಬೇಡಿ, ಕಾರ್ಡು ಇಟ್ಟುಕೊಂಡ ಹಳೇ ಗಿರಾಕಿಯೊಬ್ಬರನ್ನು ಕೇಳಿ. ಕಪ್ಪಿನ ಲೆಕ್ಕ ದಿನಕ್ಕೆ ಎರಡಕ್ಕಿಂತ ಹೆಚ್ಚು ತಪ್ಪುತ್ತಿದ್ದರೆ, ಅಥವಾ ‘ನೀವು ಮಾಡಿದ್ದೇ ಚೆನ್ನ’ ಅಂತ ಅವರು ಹೇಳಿದರೆ, ಜಾಗ ಹುಡುಕುವುದನ್ನು ನಿಲ್ಲಿಸಿ ಅಳತೆಯ ಚೀಟಿಯನ್ನು ಮತ್ತೆ ತಿದ್ದಲು ಕೂತುಕೊಳ್ಳಿ.