ಕುಮಾರವ್ಯಾಸ ಭಾರತದಲ್ಲಿ ಪದಗಳು ತುಂಡಾಗಿರುವುದೇಕೆ? ಓದುವುದು ಹೇಗೆ?

ಚಿತ್ರದುರ್ಗದ ಕೋಟೆಯಲ್ಲಿ ಹಿಡಿಂಬೇಶ್ವರ ಗುಡಿ ನೋಡಿ, ಹಿಡಿಂಬನ ಕತೆಯನ್ನು ಕುಮಾರವ್ಯಾಸನಲ್ಲೇ ಓದಲು ಕೂತೆ ಎಂದು ಬರೆದಿದ್ದೀರಿ. ಸಾಲಿನ ಕೊನೆಯಲ್ಲಿ ಪದ ಅರ್ಧಕ್ಕೆ ನಿಂತಿದೆ, ‘ವೀರನಾರಯಣ’ ಅಚ್ಚಿನ ತಪ್ಪಿರಬೇಕು, ಗದ್ಯದಲ್ಲೇ ಓದಿಬಿಡಲೇ ಎಂದು ಕೇಳಿದ್ದೀರಿ.

ಅಚ್ಚಿನ ತಪ್ಪಲ್ಲ. ಎರಡಕ್ಕೂ ಭಾಮಿನಿ ಷಟ್ಪದಿಯ ಲೆಕ್ಕವೇ ಕಾರಣ. ಆರು ಸಾಲುಗಳಲ್ಲಿ 1, 2, 4, 5ನೆಯವು 3+4+3+4, ಅಂದರೆ 14 ಮಾತ್ರೆ. 3 ಮತ್ತು 6ನೇ ಸಾಲಿನಲ್ಲಿ 3+4 ಮೂರು ಸಲ ಬಂದು ಕೊನೆಗೊಂದು ಗುರು (ಎರಡು ಮಾತ್ರೆಯ ಅಕ್ಷರ), ಒಟ್ಟು 23. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಹ್ರಸ್ವಕ್ಕೂ ಸಾಮಾನ್ಯವಾಗಿ ಎರಡು. ಈಗ ಕವಿಯ ಅಂಕಿತವಾದ ‘ಗದುಗಿನ ವೀರನಾರಯಣ’ವನ್ನು ಬಿಡಿಸಿ: ಗದುಗಿನ (4), ವೀರ (3), ನಾರಯ (4), ಣ. ‘ನಾರಾಯ’ ಎಂದರೆ 5 ಆಗಿ ಗಣ (ಮಾತ್ರೆಗಳ ಗುಂಪು) ಕೆಡುತ್ತದೆ. ತಿದ್ದಿ ಓದಲು ಹೋದರೆ ನಾಲಗೆ ಅಲ್ಲೇ ಮುಗ್ಗರಿಸುತ್ತದೆ.

ಪದ ತುಂಡಾಗುವುದೂ ಹೀಗೆಯೇ. ‘ಕೇಳು ಜನಮೇಜಯ ಧರಿತ್ರೀ’ ಎಂಬಲ್ಲಿಗೆ 14 ಮುಗಿಯಿತು. ‘ಧರಿತ್ರೀಪಾಲ’ (ರಾಜ) ಎಂಬುದರ ‘ಪಾಲ’ ಮುಂದಿನ ಸಾಲಿಗೆ ಹೋಯಿತು. ಜೊತೆಗೆ ಆದಿಪ್ರಾಸ ಬೇರೆ: ಆರೂ ಸಾಲುಗಳ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಹೊಸಬರು ಸಾಲು ಮುಗಿದಲ್ಲೆಲ್ಲ ನಿಲ್ಲುತ್ತಾರೆ, ಅರ್ಥ ಕೈತಪ್ಪುತ್ತದೆ. ಮೊದಲ ಮೂರು ಸಾಲನ್ನು ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಓದಿ, ಆಮೇಲೆ ಉಳಿದ ಮೂರು. ಗಟ್ಟಿಯಾಗಿ ಎಂಬುದನ್ನು ಒತ್ತಿ ಹೇಳುತ್ತೇನೆ. ಇದು ಕಿವಿಗೆ ಬರೆದ ಕಾವ್ಯ, ಗಮಕಿಗಳು ಇವತ್ತಿಗೂ ಹಾಡುತ್ತಿರುವುದು ಅದಕ್ಕೇ.

ಪ್ರತಿ ಸಂಧಿಯ (ಅಧ್ಯಾಯದ) ತಲೆಯಲ್ಲಿರುವ ‘ಸೂಚನೆ’ಯನ್ನು ದಾಟಿಹೋಗಬೇಡಿ, ಮುಂದೆ ಏನಾಗುತ್ತದೆಂದು ಅದು ಮೊದಲೇ ಹೇಳಿಬಿಡುತ್ತದೆ. ಪದ್ಯ ಓದಿದ ಮೇಲೆ ಪೆನ್ಸಿಲ್ ಹಿಡಿದು ಕೂಡಿಕೊಂಡ ಪದಗಳನ್ನು ಬಿಡಿಸಿ. ‘ಎಂದನು’ ಎಲ್ಲಿದೆ ಎಂದು ಹುಡುಕಿ. ಯಾರ ಮಾತು ಎಂಬುದು ಅನೇಕ ಸಲ ಕೊನೆಯಲ್ಲಷ್ಟೇ ತಿಳಿಯುತ್ತದೆ. ‘ಜನವ’ ಎಂದರೆ ಜನವನ್ನು, ‘ಕಾವುದು’ ಎಂದರೆ ಕಾಪಾಡು. ಪದಗಳಿಗಿಂತ ಹೆಚ್ಚು ಕಾಡುವುದು ಹೆಸರುಗಳು. ಪ್ರಾಸಕ್ಕೂ ಗಣಕ್ಕೂ ಹೊಂದುವಂತೆ ಭೀಮ ಪವನಜನೂ ಅನಿಲಸುತನೂ ಆಗುತ್ತಾನೆ, ಅರ್ಜುನ ನರ, ಪಾರ್ಥ, ಫಲುಗುಣ, ಕರ್ಣ ರವಿಸುತ, ಕೃಷ್ಣ ಮುರಾರಿ, ಅಸುರಾರಿ. ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ.

ಹಿಡಿಂಬನ ಪ್ರಸಂಗ ಆದಿಪರ್ವದಲ್ಲಿ, ಅರಗಿನ ಮನೆಯಿಂದ ಪಾಂಡವರು ಪಾರಾದ ಮೇಲೆ ಬರುತ್ತದೆ. ಅಲ್ಲಿ ಚಿತ್ರದುರ್ಗದ ಹೆಸರು ಹುಡುಕಬೇಡಿ. ಬೆಟ್ಟದ ನಂಟು, ಗುಡಿಯಲ್ಲಿರುವ ಹಿಡಿಂಬನ ಹಲ್ಲು, ಇವೆಲ್ಲ ನಿಮ್ಮೂರಿನ ಸ್ಥಳಪುರಾಣ.

ಗದ್ಯಾನುವಾದವನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ, ಆದರೆ ಪದ್ಯಕ್ಕೆ ಮೊದಲು ಓದಬೇಡಿ. ಕತೆ ಗೊತ್ತಾಗಿಬಿಟ್ಟರೆ ಪದ್ಯ ಬಿಡಿಸುವ ತಾಳ್ಮೆ ಉಳಿಯುವುದಿಲ್ಲ. ಹಿಡಿಂಬನ ಭಾಗ ಮುಗಿಸಿದ ಮೇಲೆ ನೇರ ಯುದ್ಧಪರ್ವಗಳಿಗೆ ಹಾರದೆ ಸಭಾಪರ್ವದ ಜೂಜು, ವಿರಾಟಪರ್ವದ ಉತ್ತರಕುಮಾರನ ಭಾಗ ಓದಿ. ಎರಡರಲ್ಲೂ ಮಾತುಕತೆ ಹೆಚ್ಚು, ಕನ್ನಡ ಸಲೀಸಾಗಿ ಹರಿಯುತ್ತದೆ. ಕುಮಾರವ್ಯಾಸ ಬರೆದದ್ದು ಗದಾಪರ್ವದವರೆಗಿನ 10 ಪರ್ವ. ಅದರ ಮುಂದಿನ ಕತೆ ಬೇಕಾದರೆ ತಿಮ್ಮಣ್ಣ ಕವಿಯ ಕೃಷ್ಣರಾಯ ಭಾರತ ನೋಡಿ.