ಹಸು ಮಾರಿದರೆ ಅಮ್ಮನಿಗೆ ವಿಶ್ರಾಂತಿ ಸಿಗುತ್ತದೆಯೇ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಐವತ್ತೈದು ದಾಟಿದ ತಾಯಿಯನ್ನು ಮಗ ನನ್ನ ಬಳಿ ಸಲಹೆಗೆಂದು ಕರೆದುಕೊಂಡು ಬಂದಿದ್ದ. "ಅಮ್ಮ ರಾತ್ರಿ ಮಲಗೋದಿಲ್ಲ, ಮಾತಾಡಿಸಿದರೆ ಸಿಡುಕುತ್ತಾಳೆ" ಎಂದ. ಮನೆಯಲ್ಲಿ ಆರು ಹಸು. ತಂದೆಗೆ ಬೆನ್ನಿನ ಶಸ್ತ್ರಚಿಕಿತ್ಸೆ ಆದಮೇಲೆ ಕೊಟ್ಟಿಗೆ ಕೆಲಸವೆಲ್ಲ ತಾಯಿಯ ಮೇಲೆ ಬಿದ್ದಿತ್ತು. ಆಕೆಗೆ ವಿಶ್ರಾಂತಿ ಸಿಗಲಿ ಎಂದು ಅಪ್ಪ ಮಗ ಸೇರಿ ಹಸುಗಳನ್ನು ಮಾರುವ ತೀರ್ಮಾನ ಮಾಡಿದ್ದರು. ವಿಚಾರಿಸಿದರೆ, ನಿದ್ದೆ ಕೆಟ್ಟದ್ದು ಕೆಲಸ ಹೆಚ್ಚಾದಾಗ ಅಲ್ಲ, ಈ ತೀರ್ಮಾನ ಕಿವಿಗೆ ಬಿದ್ದ ಮೇಲೆ.

ಮಗನನ್ನು ಹೊರಗೆ ಕೂರಿಸಿ ಅವರೊಬ್ಬರನ್ನೇ ಮಾತಾಡಿಸಿದೆ. ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದೆ, ಇಲ್ಲ ಎಂದರು. ಹಸುಗಳ ಬಗ್ಗೆ ಕೇಳಿದ್ದೇ ತಡ, ಅಷ್ಟು ಹೊತ್ತು ನೆಲ ನೋಡುತ್ತಿದ್ದವರು ತಲೆಯೆತ್ತಿದರು. ಯಾವುದು ಗಬ್ಬ, ಯಾವುದರ ಹಾಲು ಬತ್ತಿಸಬೇಕು, ಯಾವುದರ ಕೆಚ್ಚಲಿಗೆ ಬೇಗ ಬಾವು ಬರುತ್ತದೆ, ಎಲ್ಲವೂ ಬಾಯಲ್ಲೇ ಇತ್ತು. "ಕೆಂಪಿಗೆ ಹುಷಾರಿಲ್ಲ ಅಂತ ಅವರಿಗೆ ಗೊತ್ತಾಗೋದು ಅದು ಮೇವು ಬಿಟ್ಟ ಮೇಲೆ. ನನಗೆ ಕಿವಿ ಮುಟ್ಟಿದರೆ ಸಾಕು, ತಣ್ಣಗಿದ್ದರೆ ತಿಳಿಯುತ್ತೆ. ಮಾರೋ ಮಾತು ಬಂದಾಗ ನನ್ನ ಒಂದು ಮಾತು ಕೇಳಲಿಲ್ಲ."

ಕರೆಯುವ ಹಸುವಿಗೆ ರಜೆಯಿಲ್ಲ. ಮದುವೆಯಿರಲಿ, ಸಾವಿರಲಿ, ಎರಡು ಹೊತ್ತೂ ಕೊಟ್ಟಿಗೆಯಲ್ಲಿ ಒಬ್ಬರು ಇರಲೇಬೇಕು. ಹೈನುಗಾರ ಕುಟುಂಬಗಳನ್ನು ದಣಿಸುವುದು ಇದೇ, "ನಾನಿಲ್ಲದೆ ಆಗದು" ಎಂಬ ಹೆಮ್ಮೆ ಕೊಡುವುದೂ ಇದೇ. ಮಗ ದಣಿವನ್ನು ಕಂಡಿದ್ದ. ವಿಶ್ರಾಂತಿಯ ಹೆಸರಲ್ಲಿ ಅಮ್ಮನ ಅಧಿಕಾರವೂ ಕೈಬಿಟ್ಟುಹೋಗುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಅವನ ಪ್ರೀತಿಯಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಮುಂದಿನ ಬಾರಿ ಮೂವರನ್ನೂ ಕೂರಿಸಿದೆ. ಮಾರಾಟದ ಮಾತು ಸದ್ಯಕ್ಕೆ ಬದಿಗಿರಲಿ, ಯಾವ ಹಸು ಉಳಿಯಬೇಕು, ಯಾವುದು ಹೋಗಬಹುದು ಎಂದು ಮೊದಲು ಅಮ್ಮ ಹೇಳಲಿ, ನೀವಿಬ್ಬರೂ ನಡುವೆ ಬಾಯಿ ಹಾಕಬೇಡಿ ಎಂದೆ. ಸಂಜೆಯ ಕರೆಯುವ ಕೆಲಸವನ್ನು ಮಗ ಕಲಿಯಬೇಕು. ಹಸು ಬೆದರಿದರೆ ಅಡ್ರಿನಲಿನ್ ಎಂಬ ಹಾರ್ಮೋನು ಏರಿ ಹಾಲು ಇಳಿಸುವುದಿಲ್ಲ. ಹೊಸ ಕೈಗೆ ಅದು ಒಗ್ಗುವವರೆಗೆ ಹಾಲು ಕಡಿಮೆ ಬಂದೀತು, ಅದಕ್ಕೆ ಅಮ್ಮ ಅವನನ್ನು ಗದರಬಾರದು. ಇದಕ್ಕೆ ಒಪ್ಪಲು ಆಕೆ ಬಹಳ ಹೊತ್ತು ತೆಗೆದುಕೊಂಡರು. ಕರು ಹಾಕುವ ಮುಂಚೆ ಸುಮಾರು 60 ದಿನ ಹಾಲು ಬತ್ತಿಸುತ್ತಾರಲ್ಲ, ಆ ಬಿಡುವು ಕೆಲವು ಹಸುಗಳಿಗೆ ಒಟ್ಟಿಗೇ ಬರುವಂತೆ ಗಬ್ಬ ಕಟ್ಟಿಸಬಹುದೇ, ಆ ತಿಂಗಳುಗಳ ವರಮಾನ ಕಡಿಮೆಯಾದರೆ ನಡೆದೀತೇ ಎಂದು ಪಶುವೈದ್ಯರೊಂದಿಗೂ ಮನೆಯಲ್ಲೂ ಲೆಕ್ಕ ಹಾಕಲು ಹೇಳಿದೆ. ನಿದ್ದೆ ಇನ್ನೆರಡು ವಾರದಲ್ಲಿ ಸರಿಹೋಗದಿದ್ದರೆ, ಊಟ ಬಿಟ್ಟರೆ ಅಥವಾ ಬದುಕು ಬೇಡ ಎಂಬ ಮಾತು ಬಂದರೆ ತಡಮಾಡದೆ ಮನೋವೈದ್ಯರಲ್ಲಿಗೆ ಹೋಗಬೇಕು ಎಂದೂ ತಿಳಿಸಿದೆ.

ಮೂರು ಹಸುಗಳನ್ನು ಕೊಡಲು ಆಕೆಯೇ ಒಪ್ಪಿದರು. ಯಾರಿಗೆ ಕೊಡಬೇಕೆಂದೂ ಆಕೆಯೇ ತೀರ್ಮಾನಿಸಿದರು. ನಿದ್ದೆ ಈಗ ಬಹುಪಾಲು ಸರಿಯಾಗಿದೆ. ಉಳಿದವನ್ನೂ ಮಾರಬೇಕೆಂದು ಗಂಡ ಆಗಾಗ ಹೇಳುವುದುಂಟು, ಆದರೆ ಈಗ ಹೆಂಡತಿಯನ್ನು ಕೇಳಿಯೇ ಆ ಮಾತು ಎತ್ತುತ್ತಾರೆ.