ಚಾವಡಿಯಲ್ಲಿ ‘ಇಂದಿರಾಬಾಯಿ’

ಪ್ರಶ್ನೆ: ನಾವು ಹನ್ನೆರಡು ಮಂದಿ ಹವ್ಯಾಸಿಗಳು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿಯನ್ನು ರಂಗಕ್ಕೆ ತರುತ್ತಿದ್ದೇವೆ. ಸಭಾಂಗಣದ ಬಾಡಿಗೆ ಕೈಗೆಟುಕದ್ದರಿಂದ ಮುಚ್ಚಿದ ಹಂಚಿನ ಕಾರ್ಖಾನೆ, ಮೀನುಗಾರಿಕೆಯ ದಕ್ಕೆ ಅಥವಾ ಹಳೆಯ ಮನೆಯ ಚಾವಡಿಯಲ್ಲಿ ಆಡುವ ಯೋಚನೆಯಿದೆ. ಯಾವುದು ಸೂಕ್ತ? ಯಾರ ಅನುಮತಿ ಬೇಕು?
– ಓದುಗರೊಬ್ಬರು, ಮಂಗಳೂರು

ಉತ್ತರ: ಅನುಮತಿಯ ಮಾತನ್ನು ಮೊದಲು ಮುಗಿಸೋಣ. ಕೃತಿಸ್ವಾಮ್ಯ ಉಳಿಯುವುದು ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ. 1899ರಲ್ಲಿ ನಿಮ್ಮೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲೇ ಅಚ್ಚಾದ ಈ ಕಾದಂಬರಿಯ ಲೇಖಕರು 1913ರಲ್ಲಿ ತೀರಿಕೊಂಡಿದ್ದರಿಂದ ಮೂಲಕ್ಕಾಗಿ ಯಾರನ್ನೂ ಕೇಳಬೇಕಿಲ್ಲ. ಬೇರೆಯವರ ರಂಗರೂಪ ಬಳಸುವುದಾದರೆ ಅವರನ್ನು ಕೇಳಲೇಬೇಕು. ಜಾಗದ ಒಡೆಯರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಧ್ವನಿವರ್ಧಕಕ್ಕೆ ಪೊಲೀಸರ ಲಿಖಿತ ಅನುಮತಿ ಬೇಕು, ರಾತ್ರಿ 10ರ ಬಳಿಕ ಅದನ್ನು ಬಳಸುವಂತಿಲ್ಲ.

ಇನ್ನು ಜಾಗ. ಕೊಯ್ಲಾದ ಗದ್ದೆಯಲ್ಲಿ ಬಯಲಾಟ ನೋಡಿ ಬೆಳೆದ ಕರಾವಳಿಯವರಿಗೆ ಸಭಾಂಗಣದ ಹೊರಗಿನ ಆಟ ಹೊಸತೇನಲ್ಲವಾದ್ದರಿಂದ, ವಿಚಿತ್ರ ಜಾಗವೆಂಬುದೊಂದೇ ಅವರನ್ನು ಹಿಡಿದು ಕೂರಿಸದು. 2010ರಲ್ಲಿ ಮೈಸೂರು ರಂಗಾಯಣ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಬಯಲಿನಲ್ಲಿ ಇಡೀ ರಾತ್ರಿ ಆಡಿದಾಗ ಪ್ರೇಕ್ಷಕರೂ ರಂಗದಿಂದ ರಂಗಕ್ಕೆ ನಡೆದರು; ಕಾಡುದಾರಿಗಳ ಆ ಕಾದಂಬರಿಗೆ ಅದು ಸಲ್ಲುತ್ತಿತ್ತು. ನಿಮ್ಮದು ಹೊಸ್ತಿಲಿನ ಕಥೆ: ಮನೆಯೊಳಗೆ ಉಸಿರುಗಟ್ಟಿದ ಎಳೆಯ ವಿಧವೆ ಹೊರಬಂದು, ಓದಿ, ಮರುಮದುವೆಯಾಗುತ್ತಾಳೆ. ಹಾಗಾಗಿ ನನ್ನ ಓಟು ಚಾವಡಿಗೆ. ಅಂಗಳದಲ್ಲಿ ಕುಳಿತವರಿಗೆ ಚಾವಡಿಯ ಗಂಡಸರ ಮಾತು ಪೂರ್ತಿ ಕೇಳಿಸಲಿ, ಮರದ ದಳಿಗಳ ಹಿಂದೆ ನಿಂತ ಇಂದಿರೆಯ ಬೆರಳುಗಳಷ್ಟೇ ಕಾಣಲಿ. ಮನೆ ಬಿಡುವ ರಾತ್ರಿ ಮಾತ್ರ ಅವಳು ಮೆಟ್ಟಿಲಿಳಿದು ಪ್ರೇಕ್ಷಕರ ನಡುವಿನಿಂದಲೇ ಹೊರನಡೆಯಲಿ. ಇದಕ್ಕೆ ಐವತ್ತು ಅರುವತ್ತು ಮಂದಿ ಸಾಕು, ಮೈಕ್ ಬೇಡವೇ ಬೇಡ.

ಕಾರ್ಖಾನೆಯ ಗಾಜಿನ ಹಂಚಿನಿಂದ ಇಳಿಯುವ ಸಂಜೆಯ ಬಿಸಿಲುಕೋಲು ಸೊಗಸೇ, ಆದರೆ ಖಾಲಿ ಶೆಡ್ಡಿನಲ್ಲಿ ಮಾತು ಮಾರ್ದನಿಸಿ ಕಲಸಿಹೋಗುತ್ತದೆ. ದಕ್ಕೆಯನ್ನಂತೂ ಬಿಡಿ. ಹಿಂದೊಮ್ಮೆ ಅಲ್ಲಿ ಆಡಿದ ನಮ್ಮ ತಂಡದ ಅರ್ಧ ಸಂಭಾಷಣೆಯನ್ನು ಗಾಳಿ ಒಯ್ದರೆ, ಉಳಿದರ್ಧವನ್ನು ದೋಣಿಯ ಎಂಜಿನ್ ನುಂಗಿತು.

ಆಟವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ, ಮಳೆಯ ಕಾಟವಿರದು. ವಾರ ಮೊದಲೇ ಅದೇ ಹೊತ್ತಿಗೆ ಅಂಗಳದ ಕೊನೆಯ ಸಾಲಿನಲ್ಲಿ ಕೂತು ತಾಲೀಮು ಕೇಳಿ. ಪಕ್ಕದ ಮನೆಯ ಟಿವಿ ಎಷ್ಟು ಗಂಟೆಗೆ ನಿಲ್ಲುತ್ತದೆಂಬುದೂ ಆಗ ತಿಳಿಯುತ್ತದೆ.